ಅಂತೋಣಪ್ಪ ಕೀಲಿಕೈ ಕೊಡಿಸಿದ್ದು

ಕೊಟ್ಟೂರು, ಜೂನ್ ೧೯೯೮

ಬಸ್ ಸ್ಟ್ಯಾಂಡಿನ ಸಮಸ್ತ ಮಿರ್ಚಿಗಳ ಒಡೆಯನೂ ಹಿಂದಿನ ಬೆಂಚಿನ ಏಕಚಕ್ರಾಧಿಪತಿಯೂ ಆದ ಶ್ರೀಮನ್ಮಹಾರಾಜ ಫೆಲಿಕ್ಸನ ದಿವ್ಯ ಸನ್ನಿಧಾನಕ್ಕೆ,

ನರ್ಸ್ ಆಗಿದ್ದ ನಿಮ್ಮವ್ವನಿಗೆ ವರ್ಗವಾಗಿ ನೀವು ಊರು ಬಿಟ್ಟು ಎರಡು ವರ್ಷ. ನೀವು ಮರೆತುಹೋದ ಸಂತ ಅಂತೋಣಿಯವರ ಪಟ ನಿಮ್ಮ ಬಾಡಿಗೆ ಮನೆಯ ಮಾಲಕಿ ಉಚ್ಚಂಗೆಮ್ಮನ ದೇವರ ಜಗಲಿ ಮೇಲಿದೆ. ಆಕೆ ದಿನಾ ಅವರ ಹಣೆಗೂ ವಿಭೂತಿ ಹಚ್ಚುತ್ತಾಳೆ.

ಇವತ್ತು ಆಕೆಯ ಟ್ರಂಕಿನ ಕೀಲಿಕೈ ಕಳೆದುಹೋಯಿತು. ನೀನು ಹೇಳಿದ್ದ ಕಥೆಯನ್ನು ನಾನು ಸ್ವಾಮಿಗಳ ಗಾಂಭೀರ್ಯದಲ್ಲಿ ಒಪ್ಪಿಸಿದೆ: ಅಂತೋಣಿಯವರ ಪುಸ್ತಕ ಕದ್ದವನು, ಅವರು ಪ್ರಾರ್ಥನೆ ಮಾಡಿದ ಮೇಲೆ ತಾನೇ ತಂದುಕೊಟ್ಟನಂತೆ, ಅಂದಿನಿಂದ ಕಳೆದದ್ದನ್ನೆಲ್ಲ ಅವರೇ ಹುಡುಕಿಕೊಡುತ್ತಾರಂತೆ.

ಉಚ್ಚಂಗೆಮ್ಮ ಕೈಮುಗಿದಳು. “ಅಂತೋಣಪ್ಪಾ, ನಿಂಗೂ ದಿನಾ ವಿಭೂತಿ ಹಚ್ಚೀನಿ. ಕೀಲಿಕೈ ಕೊಡ್ಸು.”

ಅರ್ಧ ತಾಸಿನಲ್ಲಿ ಜೋಳದ ಡಬ್ಬಿಯೊಳಗೆ ಸಿಕ್ಕಿತು.

“ನರ್ಸಮ್ಮನ ಮಗ ಖರೇನ ಹೇಳಿದ್ದ ನೋಡು. ಫೆಲಿಕ್ಸ ನಿಂಗ ಪತ್ರ ಹಾಕ್ತಾನೇನಲೇ?”

“ವಾರಕ್ಕೊಂದು,” ಅಂದೆ.

ನೀವು ಹೊರಟ ದಿನ ನಾನು ಬಸ್ಸಿನ ಹತ್ತಿರ ಬರಲಿಲ್ಲ. ಹಾಗಾಗಿ ನಿನ್ನ ವಿಳಾಸ ಕೇಳುವುದೂ ಆಗಲಿಲ್ಲ.

ಕೀಲಿಕೈಯನ್ನು ಡಬ್ಬಿಯಲ್ಲಿ ಬಚ್ಚಿಟ್ಟವನು ನಾನೇ. ಆ ಮನೆಯಲ್ಲಿ ಯಾರಾದರೂ ಮತ್ತೊಮ್ಮೆ ನಿನ್ನ ಹೆಸರು ತೆಗೆಯಲಿ ಅಂತಿತ್ತು.