ಬೇವಿನ ಹೊಗೆ

ಮುಳಬಾಗಿಲು, 13 ಮಾರ್ಚ್ 1938, ಭಾನುವಾರ ರಾತ್ರಿ

ಮನೆ ತುಂಬ ಹೊಗೆ. ಆದರೂ ಕಿಟಕಿ ಮುಚ್ಚಲು ಮನಸ್ಸಿಲ್ಲ.

ಹೋದ ವರ್ಷ ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗ ದನದ ಎದೆಮಾಂಸ ಮಾಡಿದ್ದೆ. ನಮಗೆ ಎಟುಕಿದ್ದು ಅದೇ. ಪಕ್ಕದ ಮನೆಯಲ್ಲೇ ಇರುವ ಓರಗಿತ್ತಿ ಬೀಬಿಜಾನ್ ಎಲ್ಲರೆದುರು ಒಂದು ತುಂಡು ಎತ್ತಿ ಹಿಡಿದು, "ಇದು ಚಪ್ಪಲಿ ಹೊಲಿಯೋ ತೊಗಲು ಕಣೇ" ಎಂದು ನಕ್ಕಳು. ಬಂದವರೂ ನಕ್ಕರು, ಮತ್ತೆ ಬರಲಿಲ್ಲ. ಮಗಳು ಇನ್ನೂ ಮನೆಯಲ್ಲೇ ಇದ್ದಾಳೆ.

ಆ ಹಟಕ್ಕೇ ಕಲಿತೆ. ಅದೇ ಮಾಂಸಕ್ಕೆ ಉಪ್ಪು ಖಾರ ಸವರಿ, ಹಿತ್ತಿಲ ಗುಂಡಿಯಲ್ಲಿ ಒಣ ಹುಣಸೆ ಸೌದೆಯ ಕೆಂಡದ ಮೇಲೆ ತೂಗುಹಾಕಿ, ಒದ್ದೆ ಗೋಣಿ ಮುಚ್ಚಿ ದಿನವಿಡೀ ಹೊಗೆ ಕೊಟ್ಟರೆ, ಬೆರಳು ತಾಗಿದರೆ ಸಾಕು, ಎಳೆಎಳೆಯಾಗಿ ಬಿಡುತ್ತದೆ. ಮೊನ್ನೆ ಬೀಬಿಜಾನ್ ತಿಂದು ಬೆರಳು ನೆಕ್ಕಿದಳು. ಚಪ್ಪಲಿಯ ಮಾತು ಅವಳಿಗೆ ನೆನಪೇ ಇಲ್ಲ!

ಇವತ್ತು ಬೆಳಗ್ಗೆ ಬಂದಳು. ನಾಳೆ ಅವಳ ಮಗಳು ಮೆಹರಳನ್ನು ನೋಡಲು ಶ್ರೀನಿವಾಸಪುರದವರು ಬರುತ್ತಾರಂತೆ.

"ಯಾವ ಸೌದೆ ಹಾಕ್ತೀಯೇ?"

"ಬೇವಿಂದು, ಆಪಾ. ಹಸೀದಾದ್ರೆ ಇನ್ನೂ ರುಚಿ."

ಬೇವಿನ ಹೊಗೆಗೆ ಸೊಳ್ಳೆಯೂ ನಿಲ್ಲುವುದಿಲ್ಲ. ಮಾಂಸಕ್ಕೆ ಹಿಡಿದ ಆ ಕಹಿ ತೊಳೆದರೂ ಹೋಗದು. ಒಲೆ ಮುಂದೆ ಒಂದು ದಿನವೂ ಕೂರದವಳಿಗೆ ಅದೆಲ್ಲಿ ಗೊತ್ತು?

ಗುಟ್ಟು ಅಡುಗೆಯವಳಿಗೆ ಸಿಗಬಾರದೆಂದು ಬೆಂಕಿಯ ಮುಂದೆ ಮಗಳನ್ನೇ ಕೂರಿಸಿದ್ದಾಳೆ. ಮೆಹರ್ ಪಾಪ, ನನ್ನ ಮಗಳ ಜೊತೆಯಲ್ಲೇ ಆಡಿ ಬೆಳೆದವಳು. ಅವಳ ಕೆಮ್ಮು ಕೇಳಲಾರದೆ ಈಗಷ್ಟೇ ಎದ್ದು ಗೋಡೆಯ ಹತ್ತಿರ ಹೋದೆ.

"ಚಾಚೀ, ಸೌದೆ ಸಾಲ್ತಾ ಇಲ್ಲ" ಎಂದಳು, ಕಣ್ಣೊರೆಸಿಕೊಳ್ಳುತ್ತ.

ನಮ್ಮ ಬೇವಿನ ಮರದ ಹಸಿ ಕೊಂಬೆ ಕಡಿದು, ಗೋಡೆಯಾಚೆ ದಾಟಿಸಿ ಬಂದೆ.