ಮೂರನೇ ಮೋಟಾರಿನ ಸದ್ದು

ಮಾರ್ಚ್ 5, ಬೆಳಗ್ಗೆ 11
ವ್ಯಾನಿನಲ್ಲಿ. ಲಸಿಕೆ ಉಗ್ರಾಣದ ತಪಾಸಣೆ ಮುಗಿಯಿತು. ತಂಪು ಯಂತ್ರದ ಮೂರು ಮೋಟಾರು, ಮೂರೂ ಕ್ಷೇಮ. ನಮ್ಮ ಸರ್ವಿಸ್ ಸಾಮ್ರಾಜ್ಯದಲ್ಲಿ ಇಬ್ಬರೇ: ಹಿರಿಯ ಮೆಕ್ಯಾನಿಕ್ ದೊಡ್ಡಪ್ಪ; ಕಿರಿಯ ಮೆಕ್ಯಾನಿಕ್, ಚಾಲಕ, ಆಸ್ಥಾನ ವಿದೂಷಕ ಎಲ್ಲವೂ ನಾನೇ.

ವಿಧಿ ಎಂದಿನಂತೆ. ಉದ್ದನೆಯ ಸ್ಕ್ರೂಡ್ರೈವರ್. ತುದಿ ಮೋಟಾರಿನ ಮೈಗೆ, ಹಿಡಿ ದೊಡ್ಡಪ್ಪನ ಕಿವಿಗೆ. ಕಣ್ಣು ಮುಚ್ಚುತ್ತಾರೆ. ಯಾರೂ ಉಸಿರೆತ್ತುವ ಹಾಗಿಲ್ಲ. ಒಳಗಿನ ಬೇರಿಂಗ್ ಸವೆದಿದ್ದರೆ ಮೀಟರಿಗಿಂತ ಮೊದಲು ಅವರ ಕಿವಿಗೆ ಗೊತ್ತು. "ಶಬ್ದ ಸರಿ" ಎನ್ನುತ್ತಾರೆ. ನಾನು ಸರ್ವಿಸ್ ಕಾರ್ಡಿನಲ್ಲಿ ಬರೆಯುತ್ತೇನೆ. ಅವರು ಸಹಿ ಹಾಕುತ್ತಾರೆ.

ಕೋಲ್ಡ್ ರೂಮಿನ ಬಾಗಿಲು ತೆರೆದರೆ ಬಿಳಿ ಮಂಜು ಕಾಲಿಗೆ ಸುತ್ತಿಕೊಂಡಿತು. ಸ್ಪ್ಯಾನರ್ ಹಿಡಿದು ಮೋಡದ ಮೇಲೆ ನಿಂತ ಹಾಗೆ...

ಮಾರ್ಚ್ 6
ಘನ ನಿರ್ಣಯ. ನಾಳೆ ದೊಡ್ಡಪ್ಪ ಕಣ್ಣು ಮುಚ್ಚಿದ ಕೂಡಲೇ ಮೋಟಾರು ಆಫ್. ಬೆಚ್ಚಿಬೀಳುವುದನ್ನು ನೋಡಬೇಕು. ಇತಿಹಾಸ ನನ್ನನ್ನು ಕ್ಷಮಿಸಲಿ.

ಮಾರ್ಚ್ 7, ಮಧ್ಯಾಹ್ನ
ಹಾಲಿನ ಕೋಲ್ಡ್ ಸ್ಟೋರೇಜ್. ಎರಡು ಮೋಟಾರು ಅಕ್ಕಪಕ್ಕ. ಒಂದಕ್ಕೆ ದೊಡ್ಡಪ್ಪ ಕಿವಿಗೊಟ್ಟರು. ಅದನ್ನೇ ಆಫ್ ಮಾಡಿದೆ. ಪಕ್ಕದ್ದು ಗುಂಯ್ ಎನ್ನುತ್ತಲೇ ಇತ್ತು.

ನಿಂತ ಮೋಟಾರನ್ನು ಆಲಿಸುತ್ತಾ ದೊಡ್ಡಪ್ಪ ಮುಗುಳ್ನಕ್ಕರು. "ಬೆಣ್ಣೆ ಥರ ತಿರುಗ್ತಿದೆ ಕಣೋ. ಶಬ್ದ ಸರಿ. ಬರ್ಕೋ."

ಬರೆದುಕೊಂಡೆ. ಸಹಿ ಬಿತ್ತು. ಅವರು ಅತ್ತ ತಿರುಗಿದ ಮೇಲೆ ಆನ್ ಮಾಡಿದೆ.

ಮಾರ್ಚ್ 8
ಬರೆಯುವಂಥದ್ದು ಏನಿಲ್ಲ.

ಮಾರ್ಚ್ 11, ಭಾನುವಾರ
ರಜೆ. ಆದರೂ ಸ್ಕ್ರೂಡ್ರೈವರನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಹೊರಟೆ, ಕಳ್ಳನ ಹಾಗೆ. ಕಾವಲಿನವರು "ಭಾನುವಾರಾನೂ ಕೆಲ್ಸಾನಾ? ಹುಷಾರಿದ್ದೀಯಾ ತಾನೆ?" ಎಂದು ಬಾಗಿಲು ತೆಗೆದರು.

ದೊಡ್ಡಪ್ಪ ಪಾಸು ಮಾಡಿದ ಮೋಟಾರುಗಳನ್ನೆಲ್ಲ ಒಂದೊಂದಾಗಿ ಕೇಳಿದೆ. ಒಂದು ಜೇನುಗೂಡು. ಒಂದು ದೂರದ ರೈಲು. ಇನ್ನೊಂದು, ನನ್ನಾಣೆ, ಬಟ್ಟೆ ಮಡಚುವಾಗಿನ ದೊಡ್ಡಮ್ಮನ ಗುನುಗು. ಬಿಸಿಲಲ್ಲಿ ತೂಕಡಿಸುತ್ತಿದ್ದ ಊರು ಸ್ಕ್ರೂಡ್ರೈವರಿನ ಹಿಡಿಯಲ್ಲಿ ಕನವರಿಸುತ್ತಿತ್ತು.

ಕೊನೆಗೆ ಲಸಿಕೆ ಉಗ್ರಾಣದ ಮೂರನೆಯದು. ಒಳಗೆ ಯಾರೋ ಹಲ್ಲು ಕಡಿಯುತ್ತಿದ್ದರು: ಬೇರಿಂಗ್ ಸವೆದಿತ್ತು.

ಈ ಬಿಸಿಲಿಗೆ ಮೂರೂ ಓಡಿದರೇನೇ ಸಾಕಾಗುವುದು. ಒಂದು ನಿಂತರೂ ಮಕ್ಕಳ ಚುಚ್ಚುಮದ್ದೆಲ್ಲ ಹಾಳು. ಆಫೀಸಿಗೆ ಹೇಳಿದರೆ ದೊಡ್ಡಪ್ಪ ಕೆಲಸ ಬಿಟ್ಟು ಮನೆಗೆ.

ಅದೇ ದಿನ, ಸಂಜೆ 6
ದೊಡ್ಡಪ್ಪನ ಮನೆ. ಬಾಯಲ್ಲಿ ಹೇಳಲಾಗಲಿಲ್ಲ. ಕಾರ್ಡಿನ ಷರಾ ಕಾಲಮ್ಮಿನಲ್ಲಿ ಬರೆದು ಕೊಟ್ಟೆ: 'ಏಳನೇ ತಾರೀಖು ಮೋಟಾರು ಆಫ್ ಇತ್ತು. ಮಾಡಿದ್ದು ನಾನು. ಉಗ್ರಾಣದ ಮೂರನೆಯದು ಹಲ್ಲು ಕಡಿಯುತ್ತಿದೆ.'

ಓದಿದರು. ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

"ನಿಂಗೆ ಯಾವಾಗಿಂದ ಗೊತ್ತು?"

"ಏಳನೇ ತಾರೀಖಿಂದ."

"ನಂಗೆ ಎರಡು ವರ್ಷದಿಂದ. ಮಾತು ಕೇಳ್ಸುತ್ತೆ. ಸಣ್ಣಗೆ ಕಿರುಗುಟ್ಟೋದು ಕೇಳ್ಸಲ್ಲ... ಕಿವಿ ಹೋಯ್ತು ಅಂದ್ರೆ ನಾನು ಯಾರೋ, ಹೇಳು?"



ಕನ್ನಡಕ ಏರಿಸಿಕೊಂಡು ಅವರೇ: "ಹಲ್ಲು ಕಡಿಯೋದು ಅಂದ್ಯಲ್ಲ. ಮರಳು ಕಡಿದ ಹಾಗೋ, ಜಲ್ಲಿ ಕಡಿದ ಹಾಗೋ?"

"ಜಲ್ಲಿ."

"ಮರಳಾದ್ರೆ ಒಂದು ತಿಂಗಳು ತಡೆಯುತ್ತೆ. ಜಲ್ಲಿ ಅಂದ್ರೆ ನಾಳೆ ಬೆಳಗ್ಗೇನೇ, ತಂಪಲ್ಲೇ ಬಿಚ್ಚಬೇಕು. ಹೊಸ ಬೇರಿಂಗ್ ವ್ಯಾನಲ್ಲಿದೆಯಾ?"

ಮಾರ್ಚ್ 12, ಬೆಳಗ್ಗೆ 8
ಬದಲಾಯಿಸಿದೆವು. ಹಳೆಯ ಬೇರಿಂಗನ್ನು ದೊಡ್ಡಪ್ಪ ಬೆರಳಿಗೆ ಸಿಕ್ಕಿಸಿ ತಿರುಗಿಸಿದರು. "ಜಲ್ಲಿನೇ." ಬೆರಳಿಗೆ ಕೇಳಿಸುತ್ತದೆ ಅವರಿಗೆ. ಆಫೀಸಿಗೆ ತಾವೇ ಹೇಳುತ್ತಾರಂತೆ. ಬೇಡ ಅಂದೆ. ಕೇಳಿಸದವರ ಹಾಗೆ ಕೂತರು.

ಮಾರ್ಚ್ 16
ಮ್ಯಾನೇಜರ್ ನಾಲ್ಕು ದಿನ ಗೊಣಗಿ ದೊಡ್ಡಪ್ಪನನ್ನು ಉಳಿಸಿಕೊಳ್ಳಲು ಒಪ್ಪಿದರು. ಇನ್ನು ಕಾರ್ಡಿಗೆ ಎರಡು ಸಹಿ. ಆಲಿಸುವ ನನ್ನದೊಂದು, ತೀರ್ಪು ಕೊಡುವ ದೊಡ್ಡಪ್ಪನದೊಂದು. ಸಾಮ್ರಾಜ್ಯ ಉಳಿಯಿತು.

ಮಾರ್ಚ್ 19, ಮಧ್ಯಾಹ್ನ
ಉಗ್ರಾಣ. ಮೂರನೆಯದು. ಕಿವಿ ನನ್ನದು. ಕಣ್ಣು ಮುಚ್ಚಿದೆ.

"ಏನಂತೆ?"

"ಜೇನು ದೊಡ್ಡಪ್ಪ. ತುಂಬ ದೂರದಲ್ಲಿ, ಹೂವಿನ ಒಳಗೆ..."

ಥಟ್ಟನೆ ಎಲ್ಲ ಮೌನ. ನನ್ನ ಕಿವಿಯೇ ಹೋಯಿತೇ? ಅವರಿಗೆ ಎರಡು ವರ್ಷ ಹೀಗೇ ಇತ್ತೇ?

"ದೊಡ್ಡಪ್ಪಾ, ಏನೂ ಕೇಳ್ತಿಲ್ಲ!"

ಕಣ್ಣು ತೆರೆದೆ. ಅವರ ಬೆರಳು ಮೇನ್ ಸ್ವಿಚ್ಚಿನ ಮೇಲೆ. ಮುಖ ಮಾತ್ರ ಭಾರಿ ಗಂಭೀರ.

"ಬರ್ಕೊಳ್ಳಿ ವಿದೂಷಕ್ರೇ. ಕಿವಿ ಸರಿ."

ಬರೆಯೋಣವೆಂದರೆ ಕಾರ್ಡಿನ ಗೆರೆಗಳೆಲ್ಲ ಮಂಜು ಮಂಜು. ಕೋಲ್ಡ್ ರೂಮಿನ ಬಾಗಿಲು ಯಾರೋ ತೆರೆದಿಟ್ಟಿರಬೇಕು, ಇಲ್ಲದಿದ್ದರೆ—