ಗುಡ್ಡದೊಳಗಿನ ಬಾಚಣಿಗೆ

ಶುಕ್ರವಾರ, ಶಾಲೆ ಬಿಟ್ಟ ಮೇಲೆ

ನನ್ನ ಮಗಳ ಅಪ್ಪನಿಗೆ,

ನಮಸ್ಕಾರ. ನನ್ನ ಹೆಸರು ಕಂಡರೆ ನಿಮ್ಮ ಫೋನು ಮೂಕವಾಗುವುದರಿಂದ ಇದನ್ನು ಬಸ್ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಹೆದರಬೇಡಿ, ಜಗಳಕ್ಕಲ್ಲ. ಜಗಳವಾಡಲು ನನಗೂ ಈಗ ಪುರುಸೊತ್ತಿಲ್ಲ. ಮಗಳು ಚೆನ್ನಾಗಿದ್ದಾಳೆ. ಏಳನೇ ತರಗತಿಯಲ್ಲಿ ನನ್ನ ಪಾಠಕ್ಕೇ ಕೂರುತ್ತಾಳೆ, ನಿಮ್ಮ ಹಾಗೇ ಹುಬ್ಬು ಗಂಟಿಕ್ಕಿಕೊಂಡು.

ಶಾಲೆಯ ಹಿಂದೆ ನೀವು ಕಟ್ಟಿಸಿದ ತಡೆಗೋಡೆ ಇದೆಯಲ್ಲ, ಅದರ ಪಕ್ಕದಲ್ಲೇ ಸೈಕಲ್ ಶೆಡ್ಡಿಗೆಂದು ಹೋದ ತಿಂಗಳು ಗುಡ್ಡ ಕಡಿದರು. ಕಡಿದ ಕಡೆ ಮಣ್ಣಿನ ಪದರಗಳು ಚೆನ್ನಾಗಿ ಕಾಣುತ್ತಿದ್ದವು. ಭೂಮಿಯ ಚರಿತ್ರೆಯ ಪಾಠ ನಡೆದಿತ್ತು. ಪುಸ್ತಕದ ಚಿತ್ರ ಯಾಕೆ, ನಿಜವಾದದ್ದನ್ನೇ ನೋಡಲಿ ಎಂದು ಮಕ್ಕಳನ್ನು ಕರೆದುಕೊಂಡು ಹೋದೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಪದರದಲ್ಲಿ ಏನು ಹೂತಿದೆಯೋ ಅದಕ್ಕಿಂತ ಆ ಪದರ ಹಳೆಯದಾಗಿರಲು ಸಾಧ್ಯವಿಲ್ಲ. ಇಷ್ಟು ಹೇಳಿಕೊಟ್ಟು, ಯಾರಿಗೆ ಏನು ಸಿಗುತ್ತೋ ಹುಡುಕಿ ಎಂದೆ.

ತರಗತಿಯಲ್ಲಿ ಒಬ್ಬಳಿದ್ದಾಳೆ, ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ, ಎಲ್ಲರೂ ವಟವಟಿ ಎಂದೇ ಕರೆಯುತ್ತಾರೆ. ಅವಳು ಬುಡದಲ್ಲಿ, ಜೇಡಿಮಣ್ಣಿಗೆ ಅಂಟಿಕೊಂಡಂತಿದ್ದ ಏನನ್ನೋ ಕೆರೆದು ತೆಗೆದು, ಮಿಸ್, ಡೈನೋಸಾರ್ ಹಲ್ಲು ಎಂದು ಕೂಗಿದಳು. ಹಲ್ಲೇನೋ ಹೌದು. ಕೆಂಪು ಪ್ಲಾಸ್ಟಿಕ್ ಬಾಚಣಿಗೆಯ ಹಲ್ಲು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಆಮೇಲೆ ವಟವಟಿಯೇ ಕೇಳಿದಳು, ಹಾಗಾದ್ರೆ ಮಿಸ್, ಇದರ ಮೇಲಿರೋ ಮಣ್ಣೆಲ್ಲ ಬಾಚಣಿಗೆ ಬಂದ್ಮೇಲೆ ಬಂದಿದ್ದಾ ಅಂತ. ತಲೆ ಎತ್ತಿ ನೋಡಿದೆ. ಆಳೆತ್ತರವನ್ನೂ ಮೀರಿ ಮಣ್ಣು ನಿಂತಿತ್ತು.

ಅದು ಹೊಳೆ ತಂದ ಮಣ್ಣಲ್ಲ. ಹೊಳೆ ತಂದರೆ ಕಲ್ಲು ಬೇರೆ, ಮರಳು ಬೇರೆ, ಜರಡಿ ಹಿಡಿದಂತೆ ಕೂರುತ್ತದೆ. ಇಲ್ಲಿ ಬಂಡೆ, ಬೇರು, ಪುಡಿಮಣ್ಣು ಎಲ್ಲವೂ ಕಲಸುಮೇಲೋಗರ. ಗುಡ್ಡ ಒಮ್ಮೆ ಕೆಳಗೆ ಬಂದಿದೆ, ಅದೂ ಜನ ಪ್ಲಾಸ್ಟಿಕ್ ಬಾಚಣಿಗೆಯಲ್ಲಿ ತಲೆ ಬಾಚಿಕೊಳ್ಳುವ ಕಾಲದಲ್ಲಿ. ಆ ತಲೆ ಯಾರದೋ, ಆ ಮನೆ ಎಲ್ಲಿತ್ತೋ. ಒಮ್ಮೆ ಜಾರಿದ ಮಣ್ಣು ನೆನೆದ ಜೇಡಿಯ ಮೇಲೆ ಮತ್ತೆ ಜಾರಬಹುದು. ಇದನ್ನು ಇಂಜಿನಿಯರ್ ಆದ ನಿಮಗೆ ನಾನು ಹೇಳಿಕೊಡಬೇಕೆ?

ಮಳೆ ಬಿಟ್ಟಿಲ್ಲ. ಗೋಡೆ ಮುಂದಕ್ಕೆ ಉಬ್ಬಿ ಹೊಟ್ಟೆ ಬಂದಿದೆ. ನೀರು ಹೋಗಲೆಂದು ನೀವು ಬಿಟ್ಟಿದ್ದ ತೂತುಗಳು ಮೊನ್ನೆಯಿಂದ ಒಣಗಿ ಕೂತಿವೆ. ಹೆಡ್‌ಮಾಸ್ಟರಿಗೆ ಅದೇ ಖುಷಿ, ಸದ್ಯ ಸೋರೋದು ನಿಂತಿತಲ್ಲ ಎನ್ನುತ್ತಾರೆ. ಹೊರಗೆ ಬರದ ನೀರು ಗೋಡೆಯ ಹಿಂದೆ ತುಂಬುತ್ತಿದೆ ಸಾರ್ ಎಂದೆ. ಬಾಚಣಿಗೆ ತೋರಿಸಿದೆ. ಅದನ್ನ ಇಲಿ ಎಳ್ಕೊಂಡು ಹೋಗಿರುತ್ತೆ ಬಿಡಿ, ನೀವು ಬೆಟ್ಟ ಅಗೆದು ಇಲಿ ಹಿಡೀತಿದ್ದೀರಿ ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಗೋಡೆ ಕಟ್ಟುವ ಮೊದಲು ನೀವು ಕೊಟ್ಟಿದ್ದ ವರದಿಯನ್ನು ಕಪಾಟಿನಿಂದ ತೆಗೆದು ಮುಂದಿಟ್ಟರು. ಮೂರು ಕಡೆ ಗುಂಡಿ ತೋಡಿ ನೋಡಿದ್ದೇವೆ, ಕದಲದ ಹಳೆಯ ಮಣ್ಣು ಎಂದು ಬರೆದು ಸಹಿ ಹಾಕಿದ್ದೀರಿ.

ತೋಡಿದ ತಾರೀಖೂ ಅದರಲ್ಲಿದೆ. ಆ ವಾರವಿಡೀ ನಿಮಗೆ ಜ್ವರ. ಹಾಸಿಗೆ ಬಿಟ್ಟು ಏಳಲಿಲ್ಲ, ಹಣೆಗೆ ಒದ್ದೆ ಬಟ್ಟೆ ಹಾಕಿದವಳು ನಾನೇ. ಅದನ್ನೂ ಅವರಿಗೆ ಹೇಳಿಬಿಟ್ಟೆ, ಬೇಕಾದರೆ ಸಿಟ್ಟು ಮಾಡಿಕೊಳ್ಳಿ. ಏನೂ ಪ್ರಯೋಜನವಾಗಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ, ನಿಮ್ಮದನ್ನ ಸ್ಕೂಲ್ ತನಕ ತರಬೇಡಿ ಮೇಡಂ ಎಂದರು. ಬರೆದವರೇ ಬಂದು ತಪ್ಪು ಅಂದ್ರೆ ಆ ಕ್ಷಣವೇ ಬೀಗ ಹಾಕ್ತೀನಿ ಎಂದೂ ಹೇಳಿದರು. ಪೋಷಕರನ್ನು ಕೇಳಿದರೆ ಅವರೂ ನಿಮ್ಮ ಸಹಿಯನ್ನೇ ನಂಬುತ್ತಾರೆ.

ಸೋಮವಾರದಿಂದ ಪರೀಕ್ಷೆ. ಇಡೀ ಶಾಲೆಯ ಮಕ್ಕಳನ್ನು ಒಟ್ಟಿಗೆ ಕೂರಿಸುವುದು ಹಿಂದಿನ ದೊಡ್ಡ ಕೋಣೆಯಲ್ಲಿ. ಅದರ ಕಿಟಕಿ ತೆರೆದರೆ ಕೈಗೆ ಸಿಗುವಷ್ಟು ಹತ್ತಿರ ನಿಮ್ಮ ಗೋಡೆ.

ನಿಮ್ಮ ಹೆಸರು ಹಾಳಾಗುತ್ತದೆ, ಕೆಲಸವೂ ಹೋಗಬಹುದು, ಗೊತ್ತು. ಅಲ್ಲಿ ಕೂತವರಿಗೆ ದೂರದ ಬೆಟ್ಟ ನುಣ್ಣಗೇ ಕಾಣುತ್ತದೆ, ಅದೂ ಗೊತ್ತು. ಆದರೂ ಬನ್ನಿ. ನಿಮ್ಮನ್ನು ಏನನ್ನೂ ಬೇಡಿದವಳಲ್ಲ ನಾನು, ಈಗ ಬೇಡುತ್ತಿದ್ದೇನೆ, ಕಾಲಿಗೆ ಬೀಳುತ್ತೇನೆ. ಹೆಡ್‌ಮಾಸ್ಟರ ಮುಂದೆ ನಿಂತು ಗುಂಡಿ ತೋಡಿರಲಿಲ್ಲ ಎಂದರೆ ಸಾಕು. ಭಾನುವಾರದ ಕೊನೆಯ ಬಸ್ಸಿಗಾದರೂ ಬನ್ನಿ. ನೀವು ಬರದಿದ್ದರೆ ನಾನು ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. ಎಷ್ಟು ಹೊತ್ತು ನಿಲ್ಲಲು ಬಿಡುತ್ತಾರೋ ಗೊತ್ತಿಲ್ಲ.

ಇಂತಿ,
ಕಾಗದದ ಮೇಲಾದರೂ ಇನ್ನೂ ನಿಮ್ಮ ಹೆಂಡತಿ

ತಾ. ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಬಾಚಣಿಗೆ ಸಿಕ್ಕಿದ ಮೇಲೆ ಮಕ್ಕಳು ಹೆದರಿದ್ದಾರೆ. ಗೋಡೆ ಕಡೆಯ ಸಾಲಿನಲ್ಲಿ ಕೂರಲ್ಲ ಎಂದು ವಟವಟಿ ಅತ್ತಳು. ನಿಮ್ಮ ಮಗಳು ಅವಳೊಂದಿಗೆ ಜಾಗ ಬದಲಾಯಿಸಿಕೊಂಡಿದ್ದಾಳೆ. ದೊಡ್ಡಮ್ಮನ ಮನೆಗೆ ಹೋಗು ಎಂದು ನಾನು ಬಟ್ಟೆ ಕಟ್ಟಿದರೆ ಬಿಚ್ಚಿಟ್ಟಳು. ಎಳೆದುಕೊಂಡು ಹೋಗಿ ಬಿಟ್ಟು ಬರಬಹುದು, ಉಳಿದ ಮಕ್ಕಳನ್ನು ಎಲ್ಲಿಗೆ ಎಳೆಯಲಿ? ನಮ್ಮಪ್ಪ ಮೂರು ಕಡೆ ತೋಡಿ ನೋಡಿ ಕಟ್ಟಿದ ಗೋಡೆ, ಬೀಳಲ್ಲ ಕಣ್ರೇ ಅಂತ ಅವರಿಗೆಲ್ಲ ಅವಳೇ ಧೈರ್ಯ ಹೇಳಿ ಕೂರಿಸುತ್ತಿದ್ದಾಳೆ. ಜ್ವರದ ಮಾತು ಅವಳಿಗೆ ಗೊತ್ತಿಲ್ಲ. ನೀವೇ ಬಂದು ಹೇಳಿ.